ಬಂಗಾರ ಹೋಗಿ ಭಂಗಾರ

ಬಂಗಾರ ಬೇರೆ, ಭಂಗಾರ ಬೇರೆ. ಮೊದಲನೆಯದನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಎರಡನೆಯದನ್ನು ನಾವು ಗಡಿಯವರು ಮರಾಠಿಯಿಂದ ಕಡ ತಂದು ಗುಜರಿ ಸಾಮಾನಿಗೆ ಇಟ್ಟುಕೊಂಡಿದ್ದೇವೆ. ಅದು ಕಿಲೋ ಲೆಕ್ಕ. ಎರಡಕ್ಕೂ ಇರುವ ಅಂತರ ಒಂದೇ ಒಂದು ಮಹಾಪ್ರಾಣ ಎಂದು ನಮ್ಮ ಶಾಲೆಯ ಕನ್ನಡ ಮಾಸ್ತರರು ಹೇಳುತ್ತಿರುತ್ತಾರೆ. ಆ ಮಹಾಪ್ರಾಣ ನನಗೆ 11,000 ರೂಪಾಯಿಗೆ ಬಿತ್ತು.

ನಾನು ಚಿಕ್ಕೋಡಿಯವ. 22 ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇತ್ತೆಯ ವಿದ್ಯುತ್ ಪಾಠ ಬಂತೆಂದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ‘ವಿ ಈಕ್ವಲ್ ಟು ಐ ಆರ್’ ಎನ್ನಬಲ್ಲೆ. ಹೀಗಿದ್ದವನಿಗೆ ಖಂಡೇನವಮಿಯ ಹಿಂದಿನ ದಿನ ಒಂದು ದುರ್ಬುದ್ಧಿ ಹುಟ್ಟಿತು. ಗೇಟಿಗೆ ಬಳಿದು ಅರ್ಧ ಡಬ್ಬಿ ನೀಲಿ ಆಯಿಲ್ ಪೇಂಟ್ ಉಳಿದಿತ್ತು. ಪೂಜೆಗೆ ಕಾರಿನ ಬಾನೆಟ್ ಎತ್ತಿದಾಗ ಒಳಗೂ ಚಂದ ಕಾಣಲಿ ಎಂದು ಡೈನಮಾ ಬಿಚ್ಚಿ, ಅದನ್ನು ಹಿಡಿದಿಡುವ ಬ್ರಾಕೆಟ್ಟಿಗೆ, ಪಟ್ಟಿಗೆ, ನಟ್ಟು ಬೋಲ್ಟಿಗೆ ಒಳಗೂ ಹೊರಗೂ ಬಣ್ಣ ಬಳಿದೆ. ಆಲ್ಟರ್ನೇಟರ್ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ಕಡೆ ಅದು ಡೈನಮಾನೇ.

ಹದಿನೈದು ದಿನಕ್ಕೆ ಕಾರು ಮುಂಜಾನೆ ‘ಟಿಕ್’ ಎಂದು ಸುಮ್ಮನಾಗತೊಡಗಿತು. ಓಣಿಯ ಹುಡುಗರು ಧಕ್ಕಾ ಕೊಟ್ಟು ಕೊಟ್ಟು ನನ್ನನ್ನು ಕಂಡರೆ ತಾವೇ ತೋಳು ಮಡಚಲು ಶುರುಮಾಡಿದರು. ಚಿಕ್ಕೋಡಿಯ ಮಿಸ್ತ್ರಿ ಬ್ಯಾಟರಿ ಸತ್ತಿದೆ ಅಂದ, ಹೊಸದು ಹಾಕಿಸಿದೆ. ರಾಯಬಾಗದವ ಬೆಲ್ಟ್ ಸಡಿಲ ಅಂದ, ಬಿಗಿಸಿದ. ಕಾಗವಾಡದವ ಮಾತ್ರ ಸ್ವಲ್ಪ ತಿಳಿದವ. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪದ ಬಲ್ಬ್ ಹೋಗಿದ್ದರೆ ಡೈನಮಾಕ್ಕೆ ಮೊದಲ ಕರೆಂಟ್ ಸಿಗುವುದಿಲ್ಲ, ಅದು ಎಚ್ಚರಾಗುವುದೇ ಇಲ್ಲ ಎಂದು ಹೇಳಿ ಬಲ್ಬ್ ಪರೀಕ್ಷಿಸಿದ. ಕೀ ತಿರುವಿದರೆ ದೀಪ ಹತ್ತುತ್ತಿತ್ತು, ಗಾಡಿ ಚಾಲೂ ಆದರೆ ಆರುತ್ತಿತ್ತು. ಎಲ್ಲಾ ಪಾಠ ಬಾಯಿಪಾಠ ಒಪ್ಪಿಸಿ ಪರೀಕ್ಷೆಯಲ್ಲಿ ನಪಾಸಾಗುವ ಹುಡುಗರಿರುತ್ತಾರಲ್ಲ, ಹಾಗೆ.

ಕೊನೆಗೆ ನಾನೇ ಡೈನಮಾ ಹೋಗಿದೆ ಎಂದು ತೀರ್ಪು ಕೊಟ್ಟೆ. ಹೊಸದು ತಂದೆ. ಹಳೆಯದನ್ನು ಓಣಿಗೆ ಬಂದ ಭಂಗಾರದವನಿಗೆ ಕೊಟ್ಟೆ: ನಾಲ್ಕು ಕಿಲೋ, 440 ರೂಪಾಯಿ. ಹೊಸ ಡೈನಮಾ ಫಳಫಳ ಹೊಳೆಯುತ್ತಿತ್ತು. ಅದರ ಮಗ್ಗುಲಿಗೆ ಗೀರು ಬಿದ್ದ ಬ್ರಾಕೆಟ್ಟು ಶೋಭಿಸಲಿಲ್ಲ. ಡಬ್ಬಿಯಲ್ಲಿ ಬಣ್ಣ ಇನ್ನೂ ಇತ್ತು. ಎರಡನೇ ಕೋಟ್ ಬಳಿದೆ.

ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರ್ ತಂದು, ಗಾಡಿ ಚಾಲೂ ಇಟ್ಟು, ಒಂದು ಕಡ್ಡಿಯನ್ನು ಡೈನಮಾದ ಪ್ಲಸ್ಸಿಗೆ, ಇನ್ನೊಂದನ್ನು ಅದರ ಮೈಗೇ ಹಚ್ಚಿದೆ. 14.2 ವೋಲ್ಟ್. ಪುಸ್ತಕದಲ್ಲಿದ್ದಂತೆ! ಹೆಂಡತಿಗೂ ತೋರಿಸಿದೆ. ಮಗನ ಗುಣ ಹೆತ್ತವ್ವನನ್ನು ಕೇಳಿದ ಹಾಗೆ, ಡೈನಮಾದ ಸುದ್ದಿಯನ್ನು ನಾನು ಡೈನಮಾದ ಹತ್ತಿರವೇ ಕೇಳುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ. ಬ್ಯಾಟರಿಗೆ ಎಷ್ಟು ಮುಟ್ಟುತ್ತಿದೆ ಎಂದು ನೋಡಬೇಕಿತ್ತು.

ಆ ಶನಿವಾರ ಅಥಣಿಗೆ ಮಾವನ ಮನೆಗೆ ಹೋದೆವು. ಹಗಲು ಕಾರು ಕುದುರೆಯಂತೆ ಓಡಿತು. ಮಾವನವರು ಬಾನೆಟ್ಟಿನೊಳಗೆ ಇಣುಕಿ, ‘ಅಳಿಯಂದ್ರ, ದೃಷ್ಟಿ ತಾಗೇತಿ’ ಎಂದು ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದರು. ಬರುವಾಗ ಒಂದು ಜೋಡು ಚಪ್ಪಲಿಯನ್ನೂ ಕೊಟ್ಟರು. ಈ ಚಪ್ಪಲಿಯದೂ ಒಂದು ಕಥೆಯೇ. ಹೊಲಿಯುವುದು ಅಥಣಿಯಲ್ಲಿ, ಹೆಸರು ಕೊಲ್ಹಾಪುರದ್ದು. 2019ರಲ್ಲಿ ಜಿಐ ಮಾನ್ಯತೆ ಬಂದಾಗ ಎರಡೂ ರಾಜ್ಯದ ಜಿಲ್ಲೆಗಳಿಗೆ ಹಂಚಿ ಬಂತು, ಆದರೆ ಹೆಸರು ಹಾಗೇ ಉಳಿಯಿತು. ಮಾಡಿದವರು ಒಬ್ಬರು, ಹೆಸರು ಇನ್ನೊಬ್ಬರದು ಎಂಬ ಈ ಮಾತು ನನ್ನ ಕಾರಿಗೂ ಲಾಗೂ ಆಗುತ್ತದೆಂದು ಆಮೇಲೆ ಗೊತ್ತಾಯಿತು.

ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಉಗಾರದ ಹತ್ತಿರ ಬರುವಷ್ಟರಲ್ಲಿ ಬೆಳಕು ಅರಿಷಿಣ ಬಣ್ಣಕ್ಕೆ ತಿರುಗಿತು. ಕಬ್ಬಿನ ಹಂಗಾಮು, ಫ್ಯಾಕ್ಟರಿಯ ಪಾಳಿಗೆ ಡಬಲ್ ಟ್ರೈಲಿಯ ಟ್ರ್ಯಾಕ್ಟರುಗಳು ಸಾಲು ನಿಂತಿದ್ದವು. ಆ ಸಾಲಿನ ಬದಿಯಲ್ಲೇ ನನ್ನ ಕಾರು ಆರಿತು. ‘ಮಾಯಕ್ಕಾ ಪ್ರಸನ್ನ’ ಎಂದು ಬರೆದ ಒಂದು ಟ್ರ್ಯಾಕ್ಟರಿನಲ್ಲಿ ನಾಲ್ಕು ಸ್ಪೀಕರ್ ಎದೆ ನಡುಗುವಂತೆ ಹಾಡುತ್ತಿದ್ದವು, ಮೇಲೆ ಮದುವೆ ಮನೆಯಂತೆ ದೀಪದ ಸರ. ಅದರ ಡ್ರೈವರ್, ಮೀಸೆ ಇನ್ನೂ ಸರಿಯಾಗಿ ಮೂಡಿರದ ಹುಡುಗ, ಹಾಡು ನಿಲ್ಲಿಸದೆಯೇ ಇಳಿದು ಬಂದ.

‘ಏನಾತ್ರಿ ಸರ?’

ಬ್ಯಾಟರಿಯಿಂದ ಹಿಡಿದು ಬಲ್ಬಿನ ತನಕ ಎಲ್ಲಾ ಹೇಳಿದೆ. ತಂತಿಯ ರೋಧ ಉದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬುದನ್ನೂ ಸೇರಿಸಿದೆ, ಚಟ ಬಿಡುವುದಿಲ್ಲ. ಅವನು ತನ್ನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಕಾರು ಚಾಲೂ ಮಾಡಿಸಿ, ಹೆಡ್‌ಲೈಟ್ ಹಾಕಲು ಹೇಳಿ, ಮೊಬೈಲ್ ಬೆಳಕಿನಲ್ಲಿ ಒಳಗೆ ನೋಡಿದ.

‘ಈ ನೀಲಿ ಬಣ್ಣ ಕಂಪನಿದೇನ್ರಿ?’

‘ಅಲ್ಲಪ್ಪಾ, ನಾನ ಹಚ್ಚೇನಿ.’

ಹಿಂದಿನ ಸೀಟಿನಲ್ಲಿ ಹೆಂಡತಿ ಕೆಮ್ಮಿದಳು.

‘ಎಲ್ಲಾರೂ ಪ್ಲಸ್ ನೋಡ್ತಾರ್ರಿ ಸರ. ಮೈನಸ್ ಕಡೆ ಯಾರೂ ಹೊಳ್ಳಿ ನೋಡಂಗಿಲ್ಲ. ಇಷ್ಟು ಸ್ಪೀಕರ್ ಹಚ್ಚಬೇಕಾದ್ರ ನಾವು ಮೊದಲ ಅರ್ಥಿಂಗ್ ಬ್ಯಾರೆ ವೈರ್‌ಲೇ ಎಳಿತೀವ್ರಿ’ ಎನ್ನುತ್ತ ದಪ್ಪ ಕರಿ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಡೈನಮಾದ ಮೈಗೆ ಮುಟ್ಟಿಸಿದ. ಚಟ್ ಎಂದು ಕಿಡಿ. ಅರಿಷಿಣದ ಬೆಳಕು ಹಾಲಿನಂತೆ ಬೆಳ್ಳಗಾಯಿತು. ಎದುರಿನ ಟ್ರೈಲಿಯ ಕಬ್ಬಿನ ಗಣಿಕೆ ಎಣಿಸಬಹುದಿತ್ತು. ವೈರ್ ತೆಗೆದ, ಅರಿಷಿಣ. ಮುಟ್ಟಿಸಿದ, ಹಾಲು. ಮೂರು ಸಲ ಹೀಗೆ ಮಾಡಿದ; ಮೂರನೆಯದು ನನ್ನ ಮುಖ ನೋಡಲಿಕ್ಕೇ ಇರಬೇಕು.

ಡೈನಮಾದ ಮೈನಸ್ಸಿಗೆ ಬೇರೆ ವೈರ್ ಇಲ್ಲ. ಅದರ ಮೈಯೇ ಮೈನಸ್ಸು. ಬ್ರಾಕೆಟ್ಟಿನ ಮೂಲಕ ಎಂಜಿನ್ನಿಗೆ, ಅಲ್ಲಿಂದ ಬ್ಯಾಟರಿಗೆ ದಾರಿ. ಆ ದಾರಿಗೆ ನಾನು ಎರಡು ಕೋಟ್ ಗೋಡೆ ಕಟ್ಟಿದ್ದೆ. ಮರುದಿನ ಲೈಟು, ಫ್ಯಾನು ಎಲ್ಲಾ ಹಾಕಿ ಡೈನಮಾದ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದೆ: 1.6 ವೋಲ್ಟ್. 0.2 ದಾಟಬಾರದು. 14.2ರಲ್ಲಿ ಅಷ್ಟು ಕಳೆದು ಬ್ಯಾಟರಿಗೆ ಮುಟ್ಟುತ್ತಿದ್ದುದು 12.6. ಕರೆಂಟ್ ಸುಮಾರು 30 ಆಂಪಿಯರ್ ಹಿಡಿದರೆ ಬಣ್ಣದ ರೋಧ ಒಂದು ಓಮಿನ ಇಪ್ಪತ್ತನೇ ಒಂದು ಪಾಲು! ಹಗಲು ಕರೆಂಟ್ ಕಡಿಮೆ ಎಳೆಯುವುದರಿಂದ ನಷ್ಟವೂ ಕಡಿಮೆ. ಅದಕ್ಕೇ ಸೂರ್ಯ ಇರುವ ತನಕ ಕಾರಿಗೆ ರೋಗವಿರಲಿಲ್ಲ. 1827ರಲ್ಲಿ ಈ ನಿಯಮ ಅಚ್ಚು ಹಾಕಿಸಿದ ಜಾರ್ಜ್ ಓಮ್ ಕೂಡ ನನ್ನ ಹಾಗೆ ಶಾಲಾ ಮಾಸ್ತರಿಕೆ ಮಾಡಿದವನೇ. ಅವನಿಗೆ ಕಾರಿರಲಿಲ್ಲ, ಪುಣ್ಯವಂತ.

ಬಣ್ಣ ಕೆರೆಯಲು ಒಂದು ರವಿವಾರ ಪೂರ್ತಿ ಹೋಯಿತು. ಮೇಲೊಂದು ಅರ್ಥಿಂಗ್ ಪಟ್ಟಿಯೂ ಇರಲಿ ಎಂದು ನಿಪ್ಪಾಣಿಗೆ ಹೋದೆ. ಹಳೇ ಬಿಡಿಭಾಗದ ಅಂಗಡಿಯೊಂದರ ಕಟ್ಟೆಯ ಮೇಲೆ, ಡೀಸೆಲ್‌ನಲ್ಲಿ ತೊಳೆದು ಒರೆಸಿಟ್ಟ ಡೈನಮಾ ಒಂದು ಕೂತಿತ್ತು. ಅದರ ಕಿವಿಯ ತೂತಿನಲ್ಲಿ ನೀಲಿ ಬಣ್ಣದ ಒಂದು ಹನಿ ಒಣಗಿತ್ತು.

‘ಇದೆಷ್ಟ್ರಿ?’

‘3,200. ಗ್ಯಾರಂಟಿ ಮಾಲ್ರಿ ಸರ, ಒಳಗ ಒಂದ್ ಬ್ರಶ್ ಸೈತ ಸವದಿಲ್ಲ. ಯಾವನೋ ಶಾಣ್ಯಾ ಭಂಗಾರಕ್ಕ ಹಾಕ್ಯಾನ.’

ನಾನು ಪಟ್ಟಿಯ ರೇಟು ಕೇಳಿದೆ.