ವರಪರೀಕ್ಷೆ

ಎಳ್ಳಮಾವಾಸ್ಯೆಯ ಜಾತ್ರೆ ಮುಗಿದ ಮರುದಿನ, ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರ ಜಗಲಿಯಲ್ಲಿ, ಮಗಳಿಗೆ ಬಂದ ಸಂಬಂಧವೊಂದರ ಚಿಂತೆಯಿಂದ ಬಳಲಿದ್ದ ಹೆಗ್ಡೆಯವರು, ಎಲೆಯ ಬೆನ್ನಿಗೆ ಸಾವಧಾನವಾಗಿ ಸುಣ್ಣ ಸವರುತ್ತಿದ್ದ ನಿವೃತ್ತ ಶಿರಸ್ತೇದಾರರನ್ನು ಕುರಿತು ಇಂತೆಂದರು:

“ರಾಯರೇ, ಹುಡುಗನಿಗೆ ಹಿಂದೊಮ್ಮೆ ಶಿಕ್ಷೆಯಾಗಿತ್ತೆಂದು ಜನ ಆಡಿಕೊಳ್ಳುತ್ತಾರೆ. ನಿಜವೋ ಸುಳ್ಳೋ, ಎಲ್ಲಿ ನೋಡಲಿ?”

“ತೀರ್ಪನ್ನು ತೆರೆದ ನ್ಯಾಯಾಲಯದಲ್ಲಿಯೇ ಓದಿರುತ್ತಾರೆ ಹೆಗ್ಡೇರೇ, ಯಾವ ಊರು, ಯಾವ ಮೊಕದ್ದಮೆ, ಯಾವ ಇಸವಿ ಎಂಬುದನ್ನು ಮೊದಲೇ ಬಲ್ಲವನಿಗೆ ಅದು ಸುಲಭಲಭ್ಯ.”

“ಬಲ್ಲವನಾಗಿದ್ದರೆ ನಿಮ್ಮನ್ನೇಕೆ ಕೇಳುತ್ತಿದ್ದೆ? ಠಾಣೆಯಲ್ಲಿ?”

“ನಡತೆಯ ಪ್ರಮಾಣಪತ್ರಕ್ಕೆ ಅವನೇ ಅರ್ಜಿ ಹಾಕಬೇಕು. ನೀವು ಮಾಹಿತಿ ಹಕ್ಕಿನಡಿ ಕೇಳಿದಿರೋ, 2005ರ ಅಧಿನಿಯಮದ 8(1)(ಜೆ) ಕಲಮನ್ನು ಮುಂದೊಡ್ಡಿ, ‘ಇದು ವೈಯಕ್ತಿಕ’ವೆಂದು ಬರೆಯುವ ಸಂಭವವೇ ಹೆಚ್ಚು.”

“ಹಾಗಾದರೆ ಉಪಾಯ?”

“ಒಂದುಂಟು. ಹುಡುಗನನ್ನು ವಿಧಾನಸಭೆಯ ಚುನಾವಣೆಗೆ ನಿಲ್ಲಿಸಿ! 2002ರ ಸುಪ್ರೀಂ ಕೋರ್ಟಿನ ತೀರ್ಪಿನ ದೆಸೆಯಿಂದ ತನ್ನ ಅಪರಾಧಚರಿತೆಯನ್ನು ತಾನೇ ನಮೂನೆ 26ರಲ್ಲಿ ಪ್ರಮಾಣ ಮಾಡಿ ಬರೆದುಕೊಡುವನು. 2018ರ ತೀರ್ಪಿನ ತರುವಾಯ ಅದನ್ನೇ ಪತ್ರಿಕೆಯಲ್ಲಿಯೂ ಟೀವಿಯಲ್ಲಿಯೂ ಮೂರು ಮೂರು ಬಾರಿ ಸಾರುವನು. ಎರಡು ವರ್ಷಕ್ಕೆ ಕಡಿಮೆ ಶಿಕ್ಷೆಯಾಗಿದ್ದರೆ ಸ್ಪರ್ಧೆಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ.”

ಹೆಗ್ಡೆಯವರು ಬಹಳ ಹೊತ್ತು ಯೋಚಿಸಿದರು. (ಮಲೆನಾಡಿನಲ್ಲಿ ಧಾರಣೆ ಕುಸಿದಾಗಲಷ್ಟೇ ಇಂಥ ಮೌನ ಕಾಣಸಿಗುವುದು.)

“ಅಕಸ್ಮಾತ್ ಗೆದ್ದುಬಿಟ್ಟರೆ?”

“ಗೆದ್ದ ಅಳಿಯನ ಚರಿತೆಯನ್ನು ಯಾವ ಮಾವ ವಿಚಾರಿಸುತ್ತಾನೆ, ಹೆಗ್ಡೇರೇ?”