ಏಳು ಮಂದಿಯ ತಂಡ: ಜೋಡಿಸುವ ಮತ್ತು ಬಳಸುವ ಕ್ರಮ

ಈ ಕೈಪಿಡಿ ಜಮಖಂಡಿ ಸೀಮೆಯ ಪದವಿ ಕಾಲೇಜುಗಳ ಕಬಡ್ಡಿ ತಂಡಕ್ಕೆ ಮಾತ್ರ ಅನ್ವಯಿಸುತ್ತದೆ. ಹುನ್ನೂರ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗರನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದು. ಬೇರೆ ಸೀಮೆಯ ಹುಡುಗರ ಮೇಲೆ ಪ್ರಯೋಗಿಸಿ ಕೆಲಸ ಮಾಡದಿದ್ದರೆ ನಾವು ಹೊಣೆಯಲ್ಲ. ಹೊಸದಾಗಿ ಬಂದ ದೈಹಿಕ ಶಿಕ್ಷಣ ನಿರ್ದೇಶಕರು ಇದನ್ನು ಓದಬೇಕು. ನಿರ್ದೇಶಕರ ಹುದ್ದೆ ಖಾಲಿ ಇರುವ ಕಾಲೇಜಿನಲ್ಲಿ, ‘ನಿಮಗ ಹೆಂಗೂ ಆಟದ ಹುಚ್ಚು ಐತಲ್ರಿ ಸರ್’ ಎಂಬ ಒಂದೇ ಮಾತಿಗೆ ಕ್ರೀಡಾ ಸಂಚಾಲಕರಾಗಿ ಕೂತ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕರು ಎರಡು ಸಲ ಓದಬೇಕು.

ಡಬ್ಬಿ ತೆರೆಯುವ ಮುಂಚೆ

ತಂಡದಲ್ಲಿ ಅಂಗಳದೊಳಗೆ ಏಳು ಮಂದಿ, ಹೊರಗೆ ಬದಲಿ ಐದು ಮಂದಿ. ಒಟ್ಟು ಹನ್ನೆರಡು. ಇದು ನಿಯಮ ಪುಸ್ತಕದ ಲೆಕ್ಕ. ನಿಮ್ಮ ಲೆಕ್ಕ ಬೇರೆ ಇರುತ್ತದೆ. ಪ್ರವೇಶ ಮುಗಿದ ವಾರ ನೋಟಿಸ್ ಬೋರ್ಡಿನಲ್ಲಿ ‘ಕಬಡ್ಡಿ ಆಯ್ಕೆ’ ಎಂದು ಹಾಕಿ ನೋಡಿ, ಮೈದಾನ ತುಂಬುತ್ತದೆ. ಹಿಗ್ಗಬೇಡಿ. ಆಟಗಾರರಿಗೆ ಹಾಜರಾತಿಯಲ್ಲಿ ರಿಯಾಯಿತಿ ಉಂಟೆಂಬ ಸುದ್ದಿ ನೋಟಿಸಿಗಿಂತ ಮುಂಚೆ ಹಾಸ್ಟೆಲಿಗೆ ತಲುಪಿರುತ್ತದೆ. ಎರಡನೆಯ ದಿನ ಮೈಕೈ ನೋವು, ಅರ್ಧ ಮಂದಿ. ಮೂರನೆಯ ದಿನ ಮಳೆ. ನಾಲ್ಕನೆಯ ದಿನ ನಸುಕಿನಲ್ಲಿ, ಮೊದಲ ಬಸ್ಸಿನ ದಾರಿ ಕಾಯದೆ, ಹಾಲಿನ ಗಾಡಿಯ ಹಿಂದೆ ಕೂತು ಯಾರು ಬಂದರೋ ಅವರೇ ತಂಡ. ಆಟ ನೋಡಿ ಆರಿಸುತ್ತೇನೆ ಎಂಬ ಹಟ ಬೇಡ. ಬರುವವನಿಗೆ ಆಟ ಕಲಿಸಬಹುದು, ಬಾರದವನಿಗೆ ಏನು ಕಲಿಸುತ್ತೀರಿ?

ಒಂದು ಎಚ್ಚರಿಕೆ: ನಸುಕಿನಲ್ಲಿ ಮೈದಾನದ ಸುತ್ತ ಓಡುವವರೆಲ್ಲ ನಿಮ್ಮವರಲ್ಲ. 2022ರಲ್ಲಿ ಅಗ್ನಿಪಥ ಬಂದ ಮೇಲೂ ಈ ಸೀಮೆಯ ಹುಡುಗರ ಸೈನ್ಯದ ಆಸೆ ಇಳಿದಿಲ್ಲ. 1.6 ಕಿಲೋಮೀಟರ್ ಓಟವನ್ನು ಕೈಗಡಿಯಾರ ನೋಡಿಕೊಂಡೇ ಓಡುವ ಆ ಗುಂಪಿನಲ್ಲಿ ನಿಮ್ಮ ಕಣ್ಣಿಗೆ ಬಂಗಾರದಂಥ ಎರಡು ಕಾಲು ಬೀಳುತ್ತವೆ. ಕರೆಯಿರಿ, ತಪ್ಪಲ್ಲ. ಆದರೆ ಭರ್ತಿಯ ದಿನಾಂಕ ಬಂದ ಮರುದಿನ ಆ ಕಾಲುಗಳು ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಅಂಥವನ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಅಂಗಳ

ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರಿಗೆ 12 ಮತ್ತು 8. ಪುರುಷರ ಅಂಗಳದಲ್ಲಿ ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರಿಗೆ ಬೋನಸ್ ಲೈನ್. ಅಳೆಯುವುದು ಸುಲಭ, ಮಣ್ಣಿನದು ಕಷ್ಟ. ನಮ್ಮ ಎರಿ ಮಣ್ಣು ಮಳೆಗೆ ಕಾಲು ಹಿಡಿಯುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬಿರುಕಿನಲ್ಲಿ ಹೆಬ್ಬೆರಳು ಸಿಕ್ಕಿ ಉಗುರು ಕಿತ್ತು ಬರುತ್ತದೆ. ಮೇಲೆ ಮಸಾರಿ ಮಣ್ಣು ಹಾಕಿಸಿ, ನೀರು ಹೊಡೆಸಿ, ರೋಲರ್ ಎಳೆಸಬೇಕು. ಇದಕ್ಕೆ ಅರ್ಜಿ ಕೊಡಿ. ಅರ್ಜಿ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ‘ಅನುದಾನ ಲಭ್ಯತೆ ಪರಿಶೀಲಿಸಿ’ ಎಂಬ ಷರಾ ಹೊತ್ತು ಮತ್ತೆ ಮೇಲೆ ಹೋಗುತ್ತದೆ. ಇದೇ ಜಮಖಂಡಿ ತಾಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ಸರ್ಕಾರದ ದಾರಿ ನೋಡದೆ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೇ ಬ್ಯಾರೇಜ್ ಕಟ್ಟಿ 1989ರಲ್ಲಿ ಮುಗಿಸಿದವರು. ಅವರ ಮೊಮ್ಮಕ್ಕಳು ನಿಮ್ಮ ತಂಡದಲ್ಲಿದ್ದಾರೆ. ಒಂದು ಭಾನುವಾರ ಅವರ ಮನೆಯ ಟ್ರ್ಯಾಕ್ಟರ್ ಕೇಳಿ. ಫೈಲು ತನ್ನ ಪಾಡಿಗೆ ತಾನು ತಿರುಗಾಡಿಕೊಂಡಿರಲಿ.

ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರನ್ನು ಮ್ಯಾಟಿನ ಮೇಲೆ ಬೂಟು ಹಾಕಿಸಿ ಇಳಿಸುವುದು ಬೇರೆಯದೇ ಕಥೆ. ಮಣ್ಣು ಜಾರಿಸುತ್ತದೆ, ಮ್ಯಾಟ್ ಹಿಡಿದು ನಿಲ್ಲಿಸುತ್ತದೆ. ಮಣ್ಣಿನ ಅಂದಾಜಿನಲ್ಲಿ ತಿರುಗಿದ ಹುಡುಗನ ದೇಹ ತಿರುಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ನಡುವೆ ಮೊಣಕಾಲು ಸಿಕ್ಕಿಕೊಳ್ಳುತ್ತದೆ. ಮ್ಯಾಟ್ ಇರುವ ಕಾಲೇಜಿನವರನ್ನು ಕಾಡಿ ಬೇಡಿ ಪಂದ್ಯಕ್ಕೆ ಮುಂಚೆ ಒಂದು ವಾರವಾದರೂ ಅಲ್ಲಿ ಆಡಿಸಿ.

ಹಳೆಯ ಬಿಡಿಭಾಗಗಳು

ಹೋದ ವರ್ಷದ ತಂಡ ಈ ವರ್ಷಕ್ಕೆ ಇರುವುದಿಲ್ಲ. ಅಂತಿಮ ವರ್ಷದ ರೈಡರ್ ಪದವಿ ಮುಗಿಸಿ ಬೆಂಗಳೂರಿನಲ್ಲಿ ಪಾರ್ಸಲ್ ಹಂಚುತ್ತಿದ್ದಾನೆ. ಕವರ್ ಆಡುತ್ತಿದ್ದವನು ಬನಹಟ್ಟಿಯಲ್ಲಿ ಅಪ್ಪನ ಪಾವರ್‌ಲೂಮಿಗೆ ನಿಂತಿದ್ದಾನೆ. ಇನ್ನೊಬ್ಬ ಪಕ್ಕದ ಕಾಲೇಜಿಗೆ ಹೋಗಿದ್ದಾನೆ; ಅಲ್ಲಿ ಫೀ ಮಾಫಿ, ಹಾಸ್ಟೆಲ್ ಊಟ, ಜೊತೆಗೆ ಎರಡು ಜೊತೆ ಬೂಟು. ಅವನನ್ನು ಬೈಯಬೇಡಿ. 2023ರ ಪ್ರೊ ಕಬಡ್ಡಿ ಲೀಗ್ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನು ತೆಲುಗು ಟೈಟನ್ಸ್ 2.605 ಕೋಟಿಗೆ ಕೊಂಡಾಗ ಟಿವಿ ಮುಂದೆ ಸೀಟಿ ಹೊಡೆದವರು ನಾವು. ನಮ್ಮ ಹುಡುಗ ಎರಡು ಜೊತೆ ಬೂಟಿಗೆ ಹೋದರೆ ನಿಷ್ಠೆಯ ಉಪನ್ಯಾಸ ಕೊಡುತ್ತೇವೆ.

ಜೆರ್ಸಿಯ ವಿಷಯದಲ್ಲೂ ಇದೇ ಗೊಂದಲ. ಒಂದೇ ಮನೆಯ ಹಗ್ಗದ ಮೇಲೆ ಮೂರು ಜೆರ್ಸಿ ಒಣಗುವುದನ್ನು ಈ ಸೀಮೆಯಲ್ಲಿ ನೋಡಬಹುದು: ಕಾಕಾನದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಅಣ್ಣನದು 2010ರಲ್ಲಿ ಶುರುವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ತಮ್ಮನದು 2023ರಲ್ಲಿ ಜಮಖಂಡಿಯಲ್ಲೇ ಬಾಗಿಲು ತೆರೆದ ಬಾಗಲಕೋಟೆ ವಿಶ್ವವಿದ್ಯಾಲಯ. ಮೂವರೂ ಯೂನಿವರ್ಸಿಟಿ ಬ್ಲೂ. ಮೂವರೂ ಆಡಿದ್ದು ಅದೇ ಎರಿ ಮಣ್ಣಿನಲ್ಲಿ. ಆಟಗಾರರಷ್ಟೇ ಬದಲಾಗುತ್ತಾರೆ ಎಂದುಕೊಂಡವರು ಇದನ್ನು ಗಮನಿಸಿ.

ನಿರೀಕ್ಷೆಯನ್ನು ಎಲ್ಲಿ ಇಡಬಾರದು

ಈ ಭಾಗ ಉದ್ದ. ಕಾರಣ, ಕಾಲೇಜುಗಳು ಸೋಲುವುದು ಇಲ್ಲೇ.

ಊರಿನ ಎಲ್ಲ ನಿರೀಕ್ಷೆಯೂ ಒಬ್ಬ ರೈಡರ್ ತಲೆಯ ಮೇಲೆ ಬಂದು ಕೂರುತ್ತದೆ. ಅವನಿಗೆ ಅಡ್ಡಹೆಸರು ಇರುತ್ತದೆ, ಬ್ಯಾನರಿನಲ್ಲಿ ಅವನ ಫೋಟೊ ಶಾಸಕರ ಫೋಟೊಕ್ಕಿಂತ ಕೊಂಚ ಮಾತ್ರ ಚಿಕ್ಕದಿರುತ್ತದೆ. ಜಾತ್ರೆಯ ಹೊನಲು ಬೆಳಕಿನ ಪಂದ್ಯದಲ್ಲಿ ಅವನು ತೊಡೆ ತಟ್ಟಿ ನಡುಗೆರೆ ದಾಟಿದರೆ ಮೈಕಿನವನು ಉಸಿರು ಬಿಡದೆ ಕೂಗುತ್ತಾನೆ. ರೈಡ್ ಮಾಡುತ್ತಿರುವುದು ಯಾರು ಎಂಬ ಅನುಮಾನ ಬರಬೇಕು, ಹಾಗೆ. ಆ ಹುಡುಗನಿಗೆ ಇರುವುದು 30 ಸೆಕೆಂಡು. ಆ 30 ಸೆಕೆಂಡು ಮುಗಿದ ಮೇಲೆ ಎದುರಾಳಿ ನಿಮ್ಮ ಅಂಗಳಕ್ಕೆ ಬರುತ್ತಾನೆ, ಅವನಿಗೂ 30 ಸೆಕೆಂಡು. ಅಂದರೆ ಪಂದ್ಯದ ಅರ್ಧ ಭಾಗ ನಿಮ್ಮ ತಂಡ ಹಿಡಿಯುವ ಕೆಲಸದಲ್ಲೇ ಇರುತ್ತದೆ. ಆ ಅರ್ಧಕ್ಕೆ ಬ್ಯಾನರ್ ಇಲ್ಲ.

2022ರಲ್ಲಿ ತಮಿಳ್ ತಲೈವಾಸ್ ತಂಡ ಇದೇ ಪವನ್‌ಗೆ 2.26 ಕೋಟಿ ಕೊಟ್ಟಿತ್ತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಇಡೀ ಸೀಸನ್ ಹೊರಗುಳಿದರು. ತಂಡದ ಕಥೆ ಮುಗಿಯಿತು ಎಂದವರೇ ಹೆಚ್ಚು. ಆ ತಂಡ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿದ್ದು ಅದೇ ಸೀಸನ್ನಿನಲ್ಲಿ. ಮುಂದಿನ ಸೀಸನ್ನಿನಲ್ಲಿ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತಿಯ ಪುಣೇರಿ ಪಲ್ಟನ್ ಗೆದ್ದಿತು. ಆ ಸೀಸನ್ನಿನಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಟ್ಯಾಕಲ್ ಅಂಕ ಗಳಿಸಿದ ಇರಾನಿನ ಶಾದ್ಲೂಯಿ ಆ ತಂಡದಲ್ಲಿದ್ದರು. ಈ ಎರಡು ಸಂಗತಿಗಳನ್ನು ನಿಮ್ಮ ರೈಡರಿಗೆ ಹೇಳಬೇಡಿ, ಮುನಿಸಿಕೊಳ್ಳುತ್ತಾನೆ. ಆಡಳಿತ ಮಂಡಳಿಗೆ ಹೇಳಿ.

ಹಾಗಾದರೆ ನಿರೀಕ್ಷೆಯನ್ನು ಎಲ್ಲಿಡಬೇಕು? ಎಡ ಕಾರ್ನರಿನಲ್ಲಿ. ಅಲ್ಲಿ ನಿಲ್ಲುವ ಹುಡುಗನನ್ನು ಗುರುತಿಸುವ ಕ್ರಮ ಹೀಗೆ. ಅವನು ಹೆಚ್ಚು ಮಾತಾಡುವುದಿಲ್ಲ. ಮುಂದಿನ ಒಂದು ಹಲ್ಲು ಅರ್ಧ ಇರುತ್ತದೆ. ಹೊಲದಲ್ಲಿ ಹೋರಿಗರುವಿನ ಕಾಲಿಗೆ ಹಗ್ಗ ಹಾಕಿದ ಅನುಭವವಿದ್ದರೆ ಇನ್ನೂ ಒಳ್ಳೆಯದು. ರೈಡರ್ ಕುಣಿಯುತ್ತಿರುವಾಗ ಉಳಿದ ಆರು ಮಂದಿ ಅವನ ಕೈ ನೋಡುತ್ತಾರೆ, ಮುಖ ನೋಡುತ್ತಾರೆ. ಇವನ ಕಣ್ಣು ಪಾದದ ಮೇಲೆ. ಒಂದು ಕೈಯಲ್ಲಿ ಪಕ್ಕದವನ ಮಣಿಕಟ್ಟು ಹಿಡಿದು, ಮೊಣಕಾಲು ಮಡಚಿ, ಒಂದಡಿ ಹಿಂದೆ ಸರಿದು ‘ಬಾ, ಬೋನಸ್ ತಗೋ’ ಎನ್ನುವಂತೆ ಜಾಗ ಬಿಡುತ್ತಾನೆ. ಅಂಗಳದಲ್ಲಿ ಕನಿಷ್ಠ ಆರು ಮಂದಿ ಇದ್ದಾಗಲೇ ಬೋನಸ್ ಸಿಗುವುದು, ರೈಡರಿಗೂ ಅದು ಗೊತ್ತು. ಆಸೆಗೆ ಬಿದ್ದು ಕಾಲು ಚಾಚುತ್ತಾನೆ. ಚಾಚಿದ ಕಾಲು ಗೆರೆ ದಾಟಿ ನೆಲಕ್ಕೆ ತಾಗುವ ಮತ್ತು ಹಿಂದಿನ ಕಾಲು ನೆಲ ಬಿಡುವ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತಿದೆ. ಅಷ್ಟರಲ್ಲಿ ನಮ್ಮ ಕಾರ್ನರ್ ಹುಡುಗ ಎರಡೂ ಕೈಯಲ್ಲಿ ಹರಡು ಹಿಡಿದು ಎದೆಗೆ ಎಳೆದುಕೊಂಡಿರಬೇಕು. ತಲೆ ಹೊರಬದಿಗಿರಬೇಕು, ಒಳಗಿದ್ದರೆ ರೈಡರಿನ ಇನ್ನೊಂದು ಮೊಣಕಾಲು ಬಂದು ಬಡಿಯುತ್ತದೆ. ಆ ಅರ್ಧ ಹಲ್ಲಿನ ವಿವರಣೆ ಇಷ್ಟೇ.

ಆಮೇಲೆ ಕವರ್‌ಗಳು ಬಂದು ಮೇಲೆ ಬೀಳುತ್ತಾರೆ, ಅವರ ಫೋಟೊ ಬರುತ್ತದೆ, ಇವನು ಅಡಿಯಲ್ಲಿ ಇರುತ್ತಾನೆ. ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ಹಿಡಿದರೆ ಒಂದಕ್ಕೆ ಎರಡು ಅಂಕ, ಸೂಪರ್ ಟ್ಯಾಕಲ್. ಇಡೀ ತಂಡ ಔಟಾಗಿ, ಅಂದರೆ ಲೋನಾ ಆಗಿ, ಎದುರಾಳಿಗೆ ಹೆಚ್ಚುವರಿ ಎರಡಂಕ ಹೋಗುವುದೂ ತಪ್ಪುತ್ತದೆ. ಸಾಧ್ಯವಾದರೆ ‘ಬೆಸ್ಟ್ ಕ್ಯಾಚರ್’ ಬಹುಮಾನಕ್ಕೂ ‘ಬೆಸ್ಟ್ ರೈಡರ್’ನಷ್ಟೇ ಎತ್ತರದ ಟ್ರೋಫಿ ತರಿಸಿ. ಯಾಕೋ ಅದು ಯಾವಾಗಲೂ ಒಂದು ಗೇಣು ಗಿಡ್ಡ ಇರುತ್ತದೆ.

ಸಾಮಾನ್ಯ ತೊಂದರೆಗಳು

ಹುಡುಗ ಎರಡು ದಿನ ಬರಲಿಲ್ಲ: ತಿಂಗಳು ನೋಡಿ. ಪಂಚಮಿ ಇದ್ದರೆ ಜೋಕಾಲಿ, ಉಂಡಿ. ತಾನಾಗಿ ಬರುತ್ತಾನೆ, ತೂಕ ಮಾತ್ರ ಏರಿರುತ್ತದೆ. ಸಕ್ಕರೆ ಕಾರ್ಖಾನೆ ಶುರುವಾಗಿದ್ದರೆ ‘ಸರ್ರ, ನಮ್ಮ ಪಾಳಿ ಬಂದೈತ್ರಿ, ಗ್ಯಾಂಗ್ ಹೊಲಕ್ಕ ಇಳದೈತ್ರಿ’ ಎಂಬ ಫೋನು ಬರುತ್ತದೆ. ವಾದ ಬೇಡ. ವರ್ಷದ ಕಬ್ಬು ಒಂದು ಟ್ರ್ಯಾಕ್ಟರಿನ ಮೇಲೆ ನಿಂತಿರುವಾಗ ಅಂತರ ಕಾಲೇಜು ಪಂದ್ಯ ಸಣ್ಣದು. ಆಗಸ್ಟಿನಲ್ಲಿ ಕೃಷ್ಣೆಯ ದಂಡೆಯ ಹುಡುಗ ಬಾರದಿದ್ದರೆ ಹೆಸರು ಹೊಡೆಯಬೇಡಿ, ಫೋನು ಮಾಡಿ. 2019ರ ಪ್ರವಾಹದಲ್ಲಿ ಆ ಊರುಗಳು ದನಕರು ಸಮೇತ ಮೇಲಕ್ಕೆ ಬಂದದ್ದನ್ನು ಯಾರೂ ಮರೆತಿಲ್ಲ.

ತೂಕ: ಜಾತ್ರೆಯ ಪಂದ್ಯಗಳಲ್ಲಿ 55, 60, 65 ಕೆ.ಜಿ. ಎಂದು ವಿಭಾಗ ಇರುತ್ತವೆ. 58 ಇರುವ ಹುಡುಗ 55ರಲ್ಲಿ ಆಡುತ್ತೇನೆಂದು ಎರಡು ದಿನ ಊಟ ಬಿಟ್ಟು, ಬಿಸಿಲಿನಲ್ಲಿ ಸ್ವೆಟರ್ ಹಾಕಿ ಓಡಿ, ತೂಕದ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಉಸಿರು ಬಿಗಿಹಿಡಿದರೆ ತೂಕ ಇಳಿಯುವುದಿಲ್ಲ ಎಂದು ವಿಜ್ಞಾನ ವಿಭಾಗದವರಿಂದ ಹೇಳಿಸಿ. ತೂಕ ಹಾಕಿಸಿಕೊಂಡು ಇಳಿದ ಕೂಡಲೇ ಡಜನ್ ಬಾಳೆಹಣ್ಣು ತಿಂದು ಅಂಗಳದಲ್ಲಿ ಬವಳಿ ಬಂದು ಬೀಳುವವನು ಇವನೇ. ಕಾಲೇಜು ತಂಡಕ್ಕೆ ಈ ಸರ್ಕಸ್ ಬೇಡ. ಎರಡು ರೊಟ್ಟಿ, ಮೊಳಕೆ ಮಡಕಿಕಾಳು, ಶೇಂಗಾ ಹಿಂಡಿ, ಒಂದು ಲೋಟ ಹಾಲು. ಜಮಖಂಡಿಯ ಗರಡಿಯಲ್ಲಿ ಸಾಮು ತೆಗೆದ ಮುದುಕರನ್ನು ಕೇಳಿದರೆ ಇನ್ನೂ ನಾಲ್ಕು ಹೇಳುತ್ತಾರೆ.

ಹುಡುಗನ ಅಪ್ಪ: ಮೈದಾನದ ಅಂಚಿಗೆ ಬೈಕ್ ನಿಲ್ಲಿಸಿ, ‘ಕೈಕಾಲ ಮುರಕೊಂಡ್ರ ನೀವ್ ನೋಡ್ತೀರೇನ್ರಿ ಸರ್?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಸಿದ್ಧವಿಲ್ಲದಿದ್ದರೆ ಚಹಾ ಹೇಳಿ, ಆದರೆ ವಿಮೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಆಸ್ಪತ್ರೆಗೆ ಒಯ್ಯುವ ಗಾಡಿ ಇವನ್ನು ಆ ಚಹಾ ಆರುವುದರೊಳಗೆ ವಿಚಾರಿಸಿ ಇಡಿ.

ಹುಡುಗಿಯರ ತಂಡ: ಇವರಿಗೆ ಪ್ರತ್ಯೇಕ ಕೈಪಿಡಿ ಬೇಕಿಲ್ಲ. 2023ರ ಜೂನ್‌ನಿಂದ ಬಸ್ಸು ಉಚಿತವಾದ್ದರಿಂದ ಹುಡುಗರಿಗಿಂತ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಪಟ್ಟಿಯಿಂದ ಹೆಸರು ಹೋಗುವುದು ಒಂದೇ ಕಾರಣಕ್ಕೆ, ‘ನೋಡಾಕ ಬರಾಕತ್ಯಾರ್ರಿ’. ಅಂಥ ಮನೆಗೆ ಹೋಗುವಾಗ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಹೆಸರು ಹೇಳಿ: ಇಬ್ಬರೂ ಕನ್ನಡ ನೆಲದವರು, 2010ರ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ, ಮೇಲೆ ನೌಕರಿ. ಕೊನೆಯ ಪದವನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು.

ಕಾಗದಪತ್ರ

ಪಂದ್ಯಕ್ಕಿಂತ ಮುಂಚೆ ಸೋಲುವ ದಾರಿ ಇದು. ಅಂತರ ವಿಶ್ವವಿದ್ಯಾಲಯ ಮಟ್ಟಕ್ಕೆ ವಯಸ್ಸು 25 ದಾಟಿರಬಾರದು. ಹುಟ್ಟಿದ ದಿನಕ್ಕೆ ಹತ್ತನೇ ತರಗತಿಯ ಅಂಕಪಟ್ಟಿಯೇ ಆಧಾರ. ಪ್ರತಿ ಹುಡುಗನ ಅಂಕಪಟ್ಟಿ, ಫೀ ರಸೀದಿ, ಗುರುತಿನ ಚೀಟಿ ಜುಲೈಯಲ್ಲೇ ಝೆರಾಕ್ಸ್ ಮಾಡಿಸಿ, ಹನ್ನೆರಡಲ್ಲ, ಇಪ್ಪತ್ತು ಮಂದಿಯದು ಇಟ್ಟುಕೊಳ್ಳಿ. ಪೆನ್ಸಿಲಿನಲ್ಲಿ ಬರೆದವರದೂ ಇರಲಿ. ಹೆಸರು ಕಳಿಸುವ ಕೊನೆಯ ದಿನದ ಹಿಂದಿನ ರಾತ್ರಿ ಹತ್ತು ಗಂಟೆಗೆ ಅವರಲ್ಲೊಬ್ಬನ ಫೋನು ಬರುತ್ತದೆ: ‘ಸರ್ರ, ಓಟದಾಗ ಪಾಸಾದ್ಯಾ, ಮೆಡಿಕಲ್‌ದಾಗ ಹೋತ್ರಿ. ನಾಳೆ ನಸಿಕ್ನ್ಯಾಗ ಗ್ರೌಂಡಿಗೆ ಬರ್ಲ್ಯಾ?’ ಬಾ ಎನ್ನಿ, ಬಲ ಕವರಿನಲ್ಲಿ ನಿಲ್ಲಿಸಿ. ಅವನ ಅಂಕಪಟ್ಟಿಯ ಝೆರಾಕ್ಸ್ ಎಸೆದಿಲ್ಲ ತಾನೆ?