ಹ್ಯಾಂಗ್ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥವು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿನ ವಿಷಯ, ಮನೆಯ ಕಂಪ್ಯೂಟರು ನಡುಗೆಲಸದಲ್ಲಿ ಹ್ಯಾಂಗ್ ಆಗುವುದು. ಪ್ರಯೋಜನ, ಅದರಿಂದ ಬಿಡುಗಡೆ. ಸಂಬಂಧ, ಒಂದೇ ಡಬ್ಬಿಯಲ್ಲಿದ್ದೂ ಒಂದಕ್ಕೊಂದು ಆಗಿಬರದ ಎರಡು ಕಾರ್ಡುಗಳದ್ದು. ಅಧಿಕಾರಿ, ಅಂದರೆ ಓದಲು ಅರ್ಹತೆಯುಳ್ಳವನು, ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಎಂದೋ ಬಿಚ್ಚಿಟ್ಟು ಮತ್ತೆ ಹಾಕುವ ಗೋಜಿಗೇ ಹೋಗದ ಗೃಹಸ್ಥ.

ಈ ಸ್ತಂಭನವ್ಯಾಧಿಯ ಸುವರ್ಣಯುಗ 1990ರ ದಶಕ. ಭಾರತದ ಜನಸಾಮಾನ್ಯರಿಗೆ ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು; ವಿಂಡೋಸ್ 95 ಪೇಟೆಗೆ ಬಂದದ್ದು ಅದೇ ತಿಂಗಳ 24ರಂದು. ಇವೆರಡೂ ಸೇರಿ ಮನೆಗಳಿಗೆ ಮೋಡೆಮ್ ತಂದವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡನ್ನು ಒಂದು ಅಂಗಡಿಯಲ್ಲಿ, ಸೌಂಡ್ ಕಾರ್ಡನ್ನು ಎದುರಿನದರಲ್ಲಿ, ಮೋಡೆಮ್ಮನ್ನು ಮಹಡಿಯ ಮೇಲಿನದರಲ್ಲಿ ಚೌಕಾಸಿ ಮಾಡಿ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಯಂತ್ರಗಳಲ್ಲಿ ವ್ಯಾಧಿ ವಿಶೇಷವಾಗಿ ಫಲಿಸಿತು.

ಮೊದಲು ಪೂರ್ವಪಕ್ಷ. ಹ್ಯಾಂಗಿನ ಕಾರಣದ ಬಗ್ಗೆ ನಾಲ್ಕು ದರ್ಶನಗಳು ಬಳಕೆಯಲ್ಲಿವೆ. ತಾಡನವಾದಿಗಳು ಕ್ಯಾಬಿನೆಟ್ಟಿನ ನೆತ್ತಿಗೆ ಒಂದು ಕೊಟ್ಟರೆ ಸರಿಹೋಗುತ್ತದೆನ್ನುತ್ತಾರೆ. ಇವರು ಟ್ರಾನ್ಸಿಸ್ಟರ್ ರೇಡಿಯೋ ಕಾಲದಿಂದ ಉಳಿದುಬಂದವರು, ಖಂಡನೆ ಅನಗತ್ಯ. ವೈರಸ್‌ವಾದಿಗಳ ಪ್ರಕಾರ ಎಲ್ಲಕ್ಕೂ ಮೂಲ ಅಕ್ಕನ ಮಗ ತಂದ ಫ್ಲಾಪಿ. ರಬ್ಬರುವಾದಿಗಳು ರ‍್ಯಾಮ್ ಕಡ್ಡಿಯನ್ನು ಕಿತ್ತು, ಶಾಲಾಮಕ್ಕಳ ಬಿಳಿ ರಬ್ಬರಿನಿಂದ ಅದರ ಅಂಚನ್ನು ಉಜ್ಜಿ ಮತ್ತೆ ಕೂರಿಸುತ್ತಾರೆ. ಹಾಸ್ಯ ಮಾಡುವವರು ಗಮನಿಸಬೇಕು: ಸಂಪರ್ಕದ ಪಟ್ಟಿಗಳ ಮೇಲೆ ಕೊಳೆಯೋ ಕಿಲುಬೋ ಕೂತರೆ ವಿದ್ಯುತ್ ಸರಿಯಾಗಿ ಹರಿಯದು, ಉಜ್ಜಿದರೆ ಹರಿಯುತ್ತದೆ. ಈ ದರ್ಶನದಲ್ಲಿ ತಿರುಳಿದೆ. ನಾಲ್ಕನೆಯವರು ಫಾರ್ಮ್ಯಾಟ್‌ವಾದಿಗಳು. ರೋಗಿಯನ್ನು ನೋಡುವ ಮೊದಲೇ ಜೇಬಿನಿಂದ ಸಿ.ಡಿ. ತೆಗೆಯುವ ಇವರೇ ಬಹುಸಂಖ್ಯಾತರು.

ಈಗ ಸಿದ್ಧಾಂತ. 1981ರ ಐಬಿಎಂ ಪಿ.ಸಿ.ಯಲ್ಲಿ ಇಂಟೆಲ್ 8259 ಎಂಬ ಚಿಪ್ ಇತ್ತು. ಕೀಬೋರ್ಡಿಗೋ ಡಿಸ್ಕಿಗೋ ಪ್ರೊಸೆಸರಿನ ಗಮನ ಬೇಕೆಂದರೆ ಈ ಚಿಪ್ಪಿನ ಮೂಲಕ ಅರ್ಜಿ ಹಾಕಬೇಕು. ಅರ್ಜಿಯ ದಾರಿಗೆ ಐಆರ್‌ಕ್ಯೂ ಎಂದು ಹೆಸರು, ಇದ್ದದ್ದು 8. 1984ರ ಪಿ.ಸಿ. ಎಟಿಯಲ್ಲಿ ಇನ್ನೊಂದು ಚಿಪ್ ಸೇರಿಸಿ 16 ಮಾಡಿದರು. ಎರಡನೆಯದನ್ನು ಮೊದಲನೆಯದಕ್ಕೆ ಕಟ್ಟಲು ಒಂದು ದಾರಿ ಖರ್ಚಾಗಿ, ಉಳಿದದ್ದು 15. ಟೈಮರ್ 0ಯನ್ನೂ ಕೀಬೋರ್ಡ್ 1ನ್ನೂ ಫ್ಲಾಪಿ 6ನ್ನೂ ಗಡಿಯಾರ 8ನ್ನೂ ಹಾರ್ಡ್ ಡಿಸ್ಕ್ 14ನ್ನೂ ಮೊದಲೇ ಹಿಡಿದು ಕೂತವು. ಮಿಕ್ಕ ಬೆರಳೆಣಿಕೆಯ ಸ್ಥಾನಗಳಿಗೆ ಮೌಸ್, ಪ್ರಿಂಟರ್, ಮೋಡೆಮ್, ಸೌಂಡ್ ಕಾರ್ಡುಗಳ ನೂಕುನುಗ್ಗಲು.

ವಠಾರದ ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದರೆ ಏನಾದೀತು? ಬೆಲ್ ಆದಾಗ ಪಕ್ಕದವರಿಗಿರಬೇಕೆಂದು ಇಬ್ಬರೂ ಸುಮ್ಮನಿರುತ್ತಾರೆ, ಬಂದ ನೆಂಟ ಬಾಗಿಲಲ್ಲೇ ನಿಲ್ಲುತ್ತಾನೆ. ಆ ಕಾಲದ ಐಎಸ್‌ಎ ಸ್ಲಾಟುಗಳ ಪಾಡೂ, ಅಂದರೆ ಕಾರ್ಡು ಚುಚ್ಚುವ ಕಿಂಡಿಗಳ ಪಾಡೂ, ಇದೇ. ಒಂದು ಐಆರ್‌ಕ್ಯೂವನ್ನು ಇಬ್ಬರು ಹಂಚಿಕೊಳ್ಳುವ ವ್ಯವಸ್ಥೆ ಅಲ್ಲಿ ನೆಟ್ಟಗೆ ಇರಲಿಲ್ಲ.

ಉದಾಹರಣೆ ಲೋಕಪ್ರಸಿದ್ಧ. ಮೌಸ್ ಕಾಮ್ 1 ಎಂಬ ಪೋರ್ಟಿನಲ್ಲಿ, ಮೋಡೆಮ್ ಕಾಮ್ 3ರಲ್ಲಿ. ಹೆಸರು ಬೇರೆ, ಎರಡಕ್ಕೂ ಐಆರ್‌ಕ್ಯೂ 4. ದಿನವಿಡೀ ಮೌಸ್ ಓಡಾಡುತ್ತದೆ, ಪತ್ರ ಟೈಪಾಗುತ್ತದೆ, ಇಸ್ಪೀಟಾಟವೂ ನಡೆಯುತ್ತದೆ. ರಾತ್ರಿ ಮೋಡೆಮ್ ಕಿರ್ರೆಂದು ಡಯಲ್ ಮಾಡಿದ್ದೇ ತಡ, ಬಾಣದ ಗುರುತು ನಿಂತಲ್ಲೇ ಕಲ್ಲು. ಮನೆಯವರು ಫೋನಿನ ತಂತಿಯನ್ನು ಶಪಿಸುತ್ತಾರೆ. ಮೋಡೆಮ್ ಅಂಗಡಿಗೆ ವಾಪಸು ಹೋದರೆ ಅಲ್ಲಿನ ಯಂತ್ರದಲ್ಲಿ ಅದು ನಿರಾಳವಾಗಿ ಓಡುತ್ತದೆ. ಅಂಗಡಿಯವನ ನೋಟ ಗಿರಾಕಿಯ ಕಡೆ ತಿರುಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದೋಷ ಮೋಡೆಮ್ಮಿನಲ್ಲೂ ಇಲ್ಲ, ಮೌಸಿನಲ್ಲೂ ಇಲ್ಲ, ಜೋಡಿಯಲ್ಲಿದೆ. ಬಯಾಸ್‌ನಲ್ಲಿ ಮದರ್‌ಬೋರ್ಡಿನ ಕಾಮ್ 2ನ್ನು ಮುಚ್ಚಿ, ಮೋಡೆಮ್ಮಿನ ಮೇಲಿನ ಜಂಪರ್ ಎಂಬ ಅಕ್ಕಿಕಾಳಿನಷ್ಟು ಕೊಂಡಿಯನ್ನು ಕಿತ್ತು ಕಾಮ್ 2ರ ಸ್ಥಾನಕ್ಕೆ ಚುಚ್ಚಿದರೆ ಅದು ಐಆರ್‌ಕ್ಯೂ 3ಕ್ಕೆ ಹೋಗಿ ಸಂಸಾರ ನೆಟ್ಟಗಾಗುತ್ತದೆ. ಜಂಪರ್ ಕೈಜಾರಿ ನೆಲಕ್ಕೆ ಬಿದ್ದರೆ ಏನು ಮಾಡಬೇಕೆಂಬುದಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ, ಪೊರಕೆಯಿದೆ.

ಹ್ಯಾಂಗಿನ ಮೂಲವನ್ನು ತಿಳಿಯುವ ಪ್ರಮಾಣಗಳಲ್ಲಿ ಶ್ರೇಷ್ಠವಾದದ್ದು ನಮ್‌ಲಾಕ್ ಪ್ರಮಾಣ. ತೆರೆ ಸ್ತಬ್ಧವಾದಾಗ ಆ ಕೀಲಿಯನ್ನು ಒತ್ತಬೇಕು. ಪುಟ್ಟ ದೀಪ ಹತ್ತಿ ಆರಿದರೆ ಪ್ರೊಸೆಸರಿಗೆ ಇನ್ನೂ ಕೀಬೋರ್ಡಿನ ಕೂಗು ಕೇಳುತ್ತಿದೆ; ಯಾವುದೋ ಒಂದು ಪ್ರೋಗ್ರಾಮ್ ಹಠ ಹಿಡಿದಿದೆಯಷ್ಟೆ, ಕಂಟ್ರೋಲ್-ಆಲ್ಟ್-ಡಿಲೀಟ್ ಎಂಬ ಮೂರು ಬೀಜಾಕ್ಷರ ಸಾಕು. ದೀಪ ಮಿಸುಕದಿದ್ದರೆ ಸಮಾಧಿ ಪೂರ್ಣವಾಗಿದೆ. ಅನುಮಾನದ ಮುಳ್ಳು ಹಾರ್ಡ್‌ವೇರಿನತ್ತ, ಇಲ್ಲವೇ ಅದರ ಡ್ರೈವರಿನತ್ತ ತಿರುಗಬೇಕು. ಡಿವೈಸ್ ಮ್ಯಾನೇಜರಿನ ಹಳದಿ ಆಶ್ಚರ್ಯಸೂಚಕವೂ ಪ್ರಮಾಣವೇ. ಆದರೆ ಅದು ಕಿರುಚುತ್ತದೆಯೇ ಹೊರತು ಜಗಳದ ಮೂಲವನ್ನು ಎಲ್ಲ ಸಲವೂ ಹೇಳದು.

ವಿಂಡೋಸ್ 95 ಈ ಜಂಪರ್ ಕರ್ಮಕಾಂಡವನ್ನೇ ಕೊನೆಗಾಣಿಸುವೆನೆಂದು ಪ್ಲಗ್ ಆಂಡ್ ಪ್ಲೇ ಎಂಬ ಮುಕ್ತಿಮಾರ್ಗವನ್ನು ಬೋಧಿಸಿತು. ಚುಚ್ಚಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ. ಮಾರ್ಗಪ್ರವರ್ತಕರಾದ ಬಿಲ್ ಗೇಟ್ಸರ ಸಮ್ಮುಖದಲ್ಲೇ, 1998ರ ಏಪ್ರಿಲಿನಲ್ಲಿ ಶಿಕಾಗೋದ ಕಾಮ್‌ಡೆಕ್ಸ್ ಮೇಳದ ವೇದಿಕೆಯ ಮೇಲೆ, ವಿಂಡೋಸ್ 98 ಇದ್ದ ಯಂತ್ರಕ್ಕೆ ಸ್ಕ್ಯಾನರ್ ಚುಚ್ಚಲಾಯಿತು. ಯಂತ್ರ ಕುಸಿದು ತೆರೆ ನೀಲಿಯಾಯಿತು, ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಇದಕ್ಕೇ ಇರಬೇಕು ನಾವಿದನ್ನು ಇನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲ ಎಂಬರ್ಥದ ಮಾತಾಡಿ ಗೇಟ್ಸರು ಪಾರಾದರು. ಆಚಾರ್ಯರಿಗೇ ಹೀಗಾದ ಮೇಲೆ ಶಿಷ್ಯರ ಮನೆಯ ಕಥೆ ಬಿಡಿಸಿ ಹೇಳಬೇಕಿಲ್ಲ. ಪ್ರಾಸಂಗಿಕವಾಗಿ ಇನ್ನೊಂದು: ವಿಂಡೋಸ್ 95 ಮತ್ತು 98 ಸತತವಾಗಿ 49.7 ದಿನ ಓಡಿದರೆ ಮಿಲಿಸೆಕೆಂಡುಗಳ ಲೆಕ್ಕ ತುಂಬಿ ಹ್ಯಾಂಗ್ ಆಗುವ ದೋಷವಿತ್ತು. ಅದು ಬೆಳಕಿಗೆ ಬಂದದ್ದು 1999ರಲ್ಲಿ. ಅಷ್ಟು ದಿನ ಯಾರ ಯಂತ್ರ ನಿಲ್ಲದೆ ಓಡಿದ್ದೀತು!

ಪಿಸಿಐ ಸ್ಲಾಟುಗಳು ಬಂದು ಐಆರ್‌ಕ್ಯೂ ಹಂಚಿಕೊಳ್ಳಲು ಕಲಿತ ಮೇಲೆ ಈ ಜಗಳ ಬಹುತೇಕ ತಣ್ಣಗಾಯಿತು. ಹ್ಯಾಂಗ್ ಮಾತ್ರ ಬೇರೆ ವೇಷಗಳಲ್ಲಿ ಉಳಿದಿದೆ. ವೇಗ ಹೊಂದದ ಎರಡು ರ‍್ಯಾಮ್ ಕಡ್ಡಿಗಳು, ಹೊಸ ಗ್ರಾಫಿಕ್ಸ್ ಕಾರ್ಡಿನ ಹಸಿವಿಗೆ ಸಾಲುವಷ್ಟು ವಿದ್ಯುತ್ ಕೊಡದ ಎಸ್‌ಎಂಪಿಎಸ್, ಧೂಳು ಕಟ್ಟಿದ ಫ್ಯಾನು, ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿಸಿ ನಿಂತ ಕೆಪಾಸಿಟರುಗಳು. 2000ದ ದಶಕದ ಆರಂಭದಲ್ಲಿ ಕಳಪೆ ದ್ರಾವಣದ ಕೆಪಾಸಿಟರುಗಳು ಜಗತ್ತಿನಾದ್ಯಂತ ಉಬ್ಬಿ ಸೋರಿದ್ದುಂಟು.

ಎಲ್ಲಕ್ಕೂ ಚಿಕಿತ್ಸೆ ಒಂದೇ, ನಮ್ಮ ತಾರ್ಕಿಕರು ಹೇಳಿದ ಅನ್ವಯ-ವ್ಯತಿರೇಕ. ಯಾವುದಿದ್ದರೆ ಹ್ಯಾಂಗ್ ಇದೆಯೋ, ಯಾವುದಿಲ್ಲದಿದ್ದರೆ ಹ್ಯಾಂಗ್ ಇಲ್ಲವೋ ಅದೇ ಕಾರಣ. ಪ್ಲಗ್ ಕಿತ್ತು, ಹೆಚ್ಚುವರಿ ಕಾರ್ಡುಗಳನ್ನೆಲ್ಲ ತೆಗೆದು, ಒಂದೇ ರ‍್ಯಾಮ್ ಕಡ್ಡಿಯಿಂದ ಶುರುಮಾಡಿ, ಒಂದೊಂದನ್ನೇ ಸೇರಿಸುತ್ತ ಪ್ರತಿ ಸಲವೂ ಓಡಿಸಿ ನೋಡಬೇಕು. ಒಂದೇ ಸಲಕ್ಕೆ ಎರಡನ್ನು ಸೇರಿಸಿದವನು ತರ್ಕಭ್ರಷ್ಟ. ಅವನು ಮತ್ತೆ ಮೊದಲಿನಿಂದ ಆರಂಭಿಸತಕ್ಕದ್ದು.

ಇಷ್ಟು ಓದಿದ ಮೇಲೂ ಫಾರ್ಮ್ಯಾಟ್‌ವಾದಿಯನ್ನೇ ಮನೆಗೆ ಕರೆಯುವವರಲ್ಲಿ ಒಂದು ವಿನಂತಿ. ಸಿ ಡ್ರೈವ್ ಅಳಿಸಿದರೆ ಉಬ್ಬಿದ ಕೆಪಾಸಿಟರ್ ಇಳಿಯುವುದಿಲ್ಲ, ಕೆಟ್ಟ ರ‍್ಯಾಮ್ ನೆಟ್ಟಗಾಗುವುದಿಲ್ಲ. ಮೊದಲು ಮದುವೆಯ ಫೋಟೋಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಬಂದವನಿಗೆ ಕಾಫಿ ಕೊಟ್ಟು, ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸುವ ತನಕ ಸಿ.ಡಿ. ಜೇಬಿನಲ್ಲೇ ಇರಲಿ ಎನ್ನಿ.